ಕಾವೇರಿ ಇಟ್ಟ ಷರತ್ತು

ಹೊಸದಾಗಿ ಮದುವೆಯಾದವರು ಮಡಿಕೇರಿಗೆ ಹೊರಟರೆ ಮನೆಯ ಹಿರಿಯರು ತಪ್ಪದೆ ಒಂದು ಮಾತು ಸೇರಿಸುತ್ತಾರೆ: ‘ಅಷ್ಟು ದೂರ ಹೋಗ್ತೀರಲ್ಲ, ಹಾಗೇ ತಲಕಾವೇರಿಗೂ ಹೋಗಿ ಕೈಮುಗಿದು ಬನ್ನಿ.’ ಅಬ್ಬಿ ಜಲಪಾತ, ಮಾಂದಲಪಟ್ಟಿಯ ಜೀಪು, ದುಬಾರೆಯ ದೋಣಿ, ರಾಜಾಸೀಟಿನ ಸೂರ್ಯಾಸ್ತ ಎಲ್ಲವೂ ಸಂತೋಷದ ಲೆಕ್ಕಕ್ಕೆ. ತಲಕಾವೇರಿಯಲ್ಲಿ ನದಿ ಹುಟ್ಟುವ ಪುಟ್ಟ ಕೊಳವಾದ ಕುಂಡಿಕೆಯ ಮುಂದೆ ನಿಂತ ಹತ್ತು ನಿಮಿಷ ಮಾತ್ರ ಪುಣ್ಯದ ಲೆಕ್ಕಕ್ಕೆ. ಇವೆರಡೂ ಬೇರೆ ಬೇರೆ ಎಂಬುದರಲ್ಲಿ ಹೇಳಿದವರಿಗೂ ಅನುಮಾನವಿಲ್ಲ, ಕೇಳಿಸಿಕೊಂಡು ಕಾರು ಹತ್ತಿದವರಿಗೂ ಇಲ್ಲ.

ಕೊಡಗಿನಲ್ಲಿ ಮಾತ್ರ ಈ ಗೆರೆ ನಿಲ್ಲುವುದಿಲ್ಲ. ಪೂಜೆಯ ನೀರೂ ದೋಣಿಯ ನೀರೂ ಅಲ್ಲಿ ಒಂದೇ. ಸಮುದ್ರಮಟ್ಟದಿಂದ ಸುಮಾರು 1,276 ಮೀಟರ್ ಎತ್ತರದಲ್ಲಿ, ಬ್ರಹ್ಮಗಿರಿಯ ಮಗ್ಗುಲಲ್ಲಿ ಕಾಣಿಸಿಕೊಳ್ಳುವ ಕಾವೇರಿ ಎಂಟು ಕಿಲೋಮೀಟರ್ ಕೆಳಗೆ ಭಾಗಮಂಡಲದಲ್ಲಿ ಕನ್ನಿಕೆಯನ್ನೂ ಸುಜ್ಯೋತಿಯನ್ನೂ ಕೂಡಿಕೊಳ್ಳುತ್ತಾಳೆ. ಅಲ್ಲಿ ಜನ ತಲೆ ಬೋಳಿಸಿಕೊಂಡು ಪಿಂಡ ಇಡುತ್ತಾರೆ. ಅದೇ ನೀರು ಕೆಳಗೆ ದುಬಾರೆಯಲ್ಲಿ ಪ್ರವಾಸಿಗರನ್ನು ಆನೆ ಶಿಬಿರದ ದಡಕ್ಕೆ ದಾಟಿಸುತ್ತದೆ. ಕುಶಾಲನಗರದ ಬಳಿ ನಿಸರ್ಗಧಾಮದ ನಡುಗಡ್ಡೆಯನ್ನು ಸುತ್ತುತ್ತದೆ. ಹುಟ್ಟಿನಿಂದ ಕಡಲತನಕ ಸುಮಾರು 800 ಕಿಲೋಮೀಟರ್ ಹರಿಯುವ ಈ ನದಿ ಎಲ್ಲಿಯವರೆಗೆ ತೀರ್ಥ, ಎಲ್ಲಿಂದ ಬರಿಯ ನೀರು ಎಂದು ಗುರುತು ನೆಟ್ಟವರು ಯಾರೂ ಇಲ್ಲ.

ಹಾಗಾದರೆ ಸಂತೋಷಕ್ಕೆಂದು ಹೊರಟ ಗಂಡಹೆಂಡತಿಗೆ ತೀರ್ಥದ ಫಲ ಸಿಗುತ್ತದೆಯೇ?

ಪ್ರಶ್ನೆ ಇಂದಿನದಲ್ಲ. ತೀರ್ಥಯಾತ್ರೆಯ ವಿಧಿಗಳನ್ನು ಕಲೆಹಾಕಿದ ಧರ್ಮಶಾಸ್ತ್ರದ ಗ್ರಂಥಗಳು ಇದಕ್ಕೆ ಅಂಕೆಯಲ್ಲೇ ಉತ್ತರ ಕೊಟ್ಟಿವೆ. ಬೇರಾವುದೋ ಉದ್ದೇಶಕ್ಕೆ ಹೋದವನು ದಾರಿಯಲ್ಲಿ ಸಿಕ್ಕಿತೆಂದು ತೀರ್ಥ ಸೇವಿಸಿದರೆ ಅರ್ಧ ಫಲ. ಇನ್ನೊಬ್ಬರ ಪರವಾಗಿ ಹೋದವನಿಗೆ ಹದಿನಾರರಲ್ಲಿ ಒಂದು ಪಾಲು. ತಲಕಾವೇರಿಗೆ ‘ಹಾಗೇ’ ಹೋಗಿಬಂದ ದಂಪತಿ ಈ ಲೆಕ್ಕದಲ್ಲಿ ಅರ್ಧದವರು. ಇತ್ತ 12ನೇ ಶತಮಾನದ ಶರಣರು ಈ ಗಣಿತವನ್ನೇ ಒಪ್ಪಲಿಲ್ಲ. ನೀರಿನಲ್ಲಿ ಮುಳುಗಿ ಏಳುವುದರಿಂದ ಮನಸ್ಸಿನ ಕೊಳೆ ಹೋಗುವುದಾದರೆ ನಡತೆಗೆ ಏನು ಬೆಲೆ ಎಂಬುದು ಅವರ ವಾದ. ಜೀವನವಿಡೀ ಹೊಳೆಯನ್ನು ನೋಡಿದ ದೋಣಿಗಾರ, ಅಂಬಿಗರ ಚೌಡಯ್ಯ, ಆ ಶರಣರಲ್ಲೊಬ್ಬ. ಈ ಎರಡು ನಿಲುವುಗಳ ನಡುವೆ ಸಂತೋಷಕ್ಕೆ ಜಾಗವೇ ಕಾಣುವುದಿಲ್ಲ. ಒಂದು ಕಡೆ ಅದು ಫಲವನ್ನು ಅರ್ಧಕ್ಕಿಳಿಸುವ ಕಾರಣ. ಇನ್ನೊಂದು ಕಡೆ ಚರ್ಚೆಗೇ ಬರದ ವಿಷಯ.

ಆದರೆ ಪದ್ಮಪುರಾಣದ ಭೂಮಿಖಂಡದಲ್ಲಿ ಒಂದು ಕಥೆಯಿದೆ. ಕೃಕಲನೆಂಬ ವೈಶ್ಯ ಹೆಂಡತಿ ಸುಕಲೆಯನ್ನು ಮನೆಯಲ್ಲಿ ಬಿಟ್ಟು ತೀರ್ಥಯಾತ್ರೆಗೆ ಹೋಗುತ್ತಾನೆ. ದಾರಿಯ ಕಷ್ಟ ಅವಳಿಗೆ ಬೇಡವೆಂಬುದು ಅವನ ಯೋಚನೆ, ಕೆಟ್ಟ ಉದ್ದೇಶವೇನಲ್ಲ. ಎಲ್ಲ ಕ್ಷೇತ್ರ ಮುಗಿಸಿ ಮರಳುವಾಗ ಧರ್ಮದೇವತೆ ಅವನನ್ನು ತಡೆದು, ಸಹಧರ್ಮಿಣಿಯನ್ನು ಬಿಟ್ಟು ಮಾಡಿದ ಯಾತ್ರೆಗೆ ಫಲವೇ ಇಲ್ಲವೆಂದು ಹೇಳುತ್ತದೆ. ಅವನ ಶ್ರಾದ್ಧದಿಂದ ಪಿತೃಗಳಿಗೂ ಬಿಡುಗಡೆಯಾಗಿಲ್ಲ. ಮನೆಗೆ ಹೋಗಿ ಹೆಂಡತಿಯ ಜೊತೆ ಆ ಕರ್ಮ ಮಾಡು ಎಂದು ಅಪ್ಪಣೆಯಾಗುತ್ತದೆ. ಉದ್ದೇಶ ಪೂರ್ತಿ ಶುದ್ಧವಿದ್ದವನಿಗೆ ಅರ್ಧವೂ ದಕ್ಕಲಿಲ್ಲ. ಕಾರಣ ಒಂದೇ, ಒಬ್ಬನೇ ಹೋದದ್ದು.

ಈ ಕಥೆಯನ್ನು ಕೈಯಲ್ಲಿಟ್ಟುಕೊಂಡು ಕೊಡಗಿಗೆ ಬಂದರೆ ಅಲ್ಲಿನ ಮೂಲಕಥೆ ಬೇರೆಯೇ ಬೆಳಕಿನಲ್ಲಿ ಕಾಣುತ್ತದೆ.

ಸ್ಕಾಂದ ಪುರಾಣದ ಭಾಗವೆಂದು ಹೇಳಲಾಗುವ ಕಾವೇರಿ ಮಾಹಾತ್ಮ್ಯೆಯೂ ಕೊಡಗಿನ ಮನೆಗಳಲ್ಲಿ ಹೇಳುವ ಕಥೆಯೂ ಕಾವೇರಿಯನ್ನು ಕವೇರ ಮುನಿಯ ಮಗಳಾಗಿ ಬೆಳೆಸುತ್ತವೆ. ಅವಳಿಗೆ ನದಿಯಾಗಿ ಹರಿದು ಲೋಕಕ್ಕೆ ಉಪಕಾರ ಮಾಡುವ ಆಸೆ. ಅಗಸ್ತ್ಯರು ಕೈಹಿಡಿಯಲು ಕೇಳಿದಾಗ ಅವಳು ಒಪ್ಪುವುದು ಷರತ್ತಿನ ಮೇಲೆ: ತನ್ನನ್ನು ಒಂಟಿಯಾಗಿ ಬಿಟ್ಟು ಹೋದರೆ ತಾನು ಹೊರಟುಬಿಡುವೆ. ಋಷಿ ಒಪ್ಪುತ್ತಾರೆ. ಒಂದು ದಿನ ಬೆಳಿಗ್ಗೆ ಅವಳನ್ನು ಕಮಂಡಲದಲ್ಲಿರಿಸಿ, ಶಿಷ್ಯರನ್ನು ಕಾವಲಿಗಿಟ್ಟು ಕನ್ನಿಕೆ ಹೊಳೆಗೆ ಹೋಗುತ್ತಾರೆ. ಅವಳು ಉಕ್ಕಿ ಹೊರಬರುತ್ತಾಳೆ. ಶಿಷ್ಯರು ತಡೆಯಲು ಬಂದಾಗ ನೆಲದೊಳಗೆ ಇಳಿದು ಭಾಗಮಂಡಲದಲ್ಲಿ ಮತ್ತೆ ಮೇಲೇಳುತ್ತಾಳೆ. ಕಾಗೆಯ ರೂಪದಲ್ಲಿ ಬಂದ ಗಣಪತಿ ಕಮಂಡಲ ಉರುಳಿಸಿದನೆಂಬ ಕಥೆಯೂ ದಕ್ಷಿಣದಲ್ಲಿ ಪ್ರಸಿದ್ಧ. ಕೊಡಗಿನ ಕಥೆಗೆ ಕಾಗೆಯ ಸಹಾಯ ಬೇಕಿಲ್ಲ. ಅವಳು ತಾನಾಗಿಯೇ ಹೊರಟವಳು.

ಅಗಸ್ತ್ಯರು ಹೋದದ್ದು ಎಲ್ಲಿಗೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಬೇಟೆಗಲ್ಲ, ರಾಜಸಭೆಗಲ್ಲ, ಇನ್ನೊಬ್ಬಳ ಬಳಿಗಂತೂ ಅಲ್ಲ. ಅವರು ಹೋದದ್ದು ಸ್ನಾನಕ್ಕೆ, ಹೊತ್ತಿಗೆ ಸರಿಯಾಗಿ ಮಾಡಬೇಕಾದ ಧಾರ್ಮಿಕ ಕರ್ಮಕ್ಕೆ. ಮನೆಯಲ್ಲಿ ತೀರ್ಥವೇ ಇರುವಾಗ ಇನ್ನೊಂದು ತೀರ್ಥಕ್ಕೆ ಒಬ್ಬರೇ ಹೋದರು. ಭೋಗ ಯೋಗಕ್ಕೆ ಅಡ್ಡಿಯೆಂದು ಸಾಧಿಸಲು ಹೊರಟವರಿಗೆ ಈ ಕಥೆ ನೆರವಾಗುವುದಿಲ್ಲ. ಇಲ್ಲಿ ಮುರಿದ ಮಾತಿಗೆ ಕಾರಣ ಸುಖವಲ್ಲ, ಜೊತೆಗಿರುವವಳನ್ನು ಮರೆಸಿದ ಆಚಾರನಿಷ್ಠೆ. ಕೈಹಿಡಿದವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ದುಬಾರೆಯಲ್ಲಿ ದೋಣಿ ಹತ್ತಿದವನು, ದಡದಲ್ಲಿ ಅವಳನ್ನು ಚೀಲ ಕಾಯಲು ಬಿಟ್ಟು ಸಂಗಮದಲ್ಲಿ ಮೂರು ಮುಳುಗು ಹಾಕಿದವನಿಗಿಂತ ಆ ಷರತ್ತಿಗೆ ಹತ್ತಿರದಲ್ಲಿದ್ದಾನೆ.

ಕಥೆಯ ಕೊನೆಯೂ ಗಮನಾರ್ಹ. ಅಗಸ್ತ್ಯರು ಬೇಡಿಕೊಂಡಾಗ ಅವಳು ಎರಡಾಗುತ್ತಾಳೆ. ಒಂದು ರೂಪ ಲೋಪಾಮುದ್ರೆಯಾಗಿ ಅವರ ಜೊತೆ ಉಳಿಯುತ್ತದೆ, ಇನ್ನೊಂದು ನದಿಯಾಗಿ ಹರಿದುಹೋಗುತ್ತದೆ. ಲೋಪಾಮುದ್ರೆಯೂ ಸುಮ್ಮನಿರುವ ಹೆಂಡತಿಯಲ್ಲ. ಋಗ್ವೇದದ ಮೊದಲ ಮಂಡಲದ 179ನೇ ಸೂಕ್ತ ಅವಳದು. ವರ್ಷಗಟ್ಟಲೆ ತಪಸ್ಸಿನಲ್ಲಿ ದುಡಿದು ಮುಪ್ಪು ಬರುತ್ತಿದೆ, ಇನ್ನಾದರೂ ಹತ್ತಿರ ಬಾ ಎಂದು ಗಂಡನನ್ನು ಕರೆಯುವ ಧೈರ್ಯದ ಮಾತು ಅಲ್ಲಿದೆ. ಮಹಾಭಾರತದ ವನಪರ್ವದಲ್ಲಿ ಅವಳು ನಾರುಮಡಿಯ ಬಡತನದಲ್ಲಿ ದಾಂಪತ್ಯ ಬೇಡವೆಂದು ಹೇಳಿ ಅಗಸ್ತ್ಯರನ್ನು ಸಂಪತ್ತು ತರಲು ಕಳಿಸುತ್ತಾಳೆ; ಅವರು ರಾಜರ ಬಳಿಗೂ, ಅವರಿಂದಾಗದಿದ್ದಾಗ ಅಸುರ ಇಲ್ವಲನ ಬಳಿಗೂ ಹೋಗುತ್ತಾರೆ. ತಪಸ್ವಿಯ ಹೆಂಡತಿ ಸುಖವನ್ನು ಕೇಳಿ ಪಡೆಯುತ್ತಾಳೆ, ಗ್ರಂಥ ಅದಕ್ಕಾಗಿ ಅವಳನ್ನು ಜರಿಯುವುದಿಲ್ಲ.

ರಾಮಾಯಣವೂ ಇದೇ ಪಕ್ಷದಲ್ಲಿ ನಿಲ್ಲುತ್ತದೆ. ಕಾಡಿಗೆ ಒಬ್ಬನೇ ಹೋಗುವೆನೆಂದ ರಾಮನ ಜೊತೆ ಸೀತೆ ವಾದ ಮಾಡಿಯೇ ಹೊರಡುತ್ತಾಳೆ. ಗಂಗೆಯನ್ನು ಗುಹ ಒದಗಿಸಿದ ದೋಣಿಯಲ್ಲಿ ದಾಟುತ್ತಾರೆ. ಯಮುನೆಯ ದಡದಲ್ಲಿ ದೋಣಿಯಿಲ್ಲ. ಅಣ್ಣತಮ್ಮಂದಿರು ಮರಮಟ್ಟು, ಬಿದಿರು ಕಟ್ಟಿ ತೆಪ್ಪ ಮಾಡುತ್ತಾರೆ, ಲಕ್ಷ್ಮಣ ಅದರ ಮೇಲೆ ಸೀತೆಗೆ ಮೆತ್ತನೆಯ ಆಸನ ಹಾಸುತ್ತಾನೆ. ಚಿತ್ರಕೂಟ ತಲುಪಿದ ಮೇಲೆ ಅಯೋಧ್ಯಾಕಾಂಡದ 94 ಮತ್ತು 95ನೇ ಸರ್ಗಗಳಲ್ಲಿ ರಾಮ ಮಾಡುವ ಕೆಲಸ ಒಂದೇ: ಹೆಂಡತಿಗೆ ಬೆಟ್ಟ ತೋರಿಸುವುದು, ಹೊಳೆ ತೋರಿಸುವುದು, ಹೂಬಿಟ್ಟ ಮರಗಳ ಕಡೆ ಬೆರಳು ಮಾಡುವುದು. ನಿನ್ನ ಜೊತೆ ಇದನ್ನು ನೋಡುವುದು ಅಯೋಧ್ಯೆಯ ವಾಸಕ್ಕಿಂತ ಮೇಲು ಎಂಬ ಧಾಟಿಯಲ್ಲಿ ಮಾತಾಡುತ್ತಾನೆ. ವನವಾಸದ ದುಃಖದ ನಡುವೆ ವಾಲ್ಮೀಕಿ ಈ ಸಂತೋಷಕ್ಕೆ ಎರಡು ಇಡೀ ಸರ್ಗ ಕೊಟ್ಟಿದ್ದಾನೆ. ಕೊಡಗಿನ ದಕ್ಷಿಣ ತುದಿಯ ಇರ್ಪು ಜಲಪಾತಕ್ಕೂ ಇದೇ ಕುಟುಂಬದ ನೆನಪು ಅಂಟಿಕೊಂಡಿದೆ. ರಾಮನ ಬಾಯಾರಿಕೆಗೆ ಲಕ್ಷ್ಮಣ ಬಾಣ ಬಿಟ್ಟು ಬ್ರಹ್ಮಗಿರಿಯಿಂದ ನೀರು ಚಿಮ್ಮಿಸಿದನಂತೆ. ಲಕ್ಷ್ಮಣತೀರ್ಥ ಹೊಳೆ ಅದು. ಶಿವರಾತ್ರಿಗೆ ಅಲ್ಲಿ ಭಕ್ತರು ಸೇರುತ್ತಾರೆ, ಉಳಿದ ದಿನ ಪ್ರವಾಸಿಗರು. ನಿಲ್ಲುವ ಬಂಡೆ ಅದೇ, ಮೈಮೇಲೆ ಬೀಳುವ ನೀರೂ ಅದೇ.

ಹಾಗೆಂದು ಜೊತೆಯಾಗಿ ಹೋದ ಮಾತ್ರಕ್ಕೆ ತಿರುಗಾಟವೆಲ್ಲ ಯಾತ್ರೆಯಾಗುವುದಿಲ್ಲ. ಅಗಸ್ತ್ಯರು ಮಾಡಿದ ತಪ್ಪು ಒಂದಲ್ಲ, ಎರಡು. ಬಿಟ್ಟುಹೋದದ್ದು ಒಂದು. ಕಮಂಡಲದಲ್ಲಿ ಮುಚ್ಚಿಟ್ಟದ್ದು ಇನ್ನೊಂದು. ಹರಿಯಬೇಕಾದವಳನ್ನು ಕೈಗೆಟಕುವ ಪಾತ್ರೆಯಲ್ಲಿಟ್ಟು, ಬೇಕಾದಾಗ ಇರಲಿ ಎಂದುಕೊಂಡದ್ದು. ಇಂದಿನ ಪ್ರವಾಸ ಮೊದಲ ತಪ್ಪಿನಿಂದ ಪಾರಾಗಿ ಎರಡನೆಯದಕ್ಕೆ ಬೀಳುತ್ತದೆ. ಶನಿವಾರ ಬೆಳಿಗ್ಗೆ ಬೆಂಗಳೂರು ಬಿಟ್ಟು, ಮೈಸೂರು, ಹುಣಸೂರು, ಪಿರಿಯಾಪಟ್ಟಣ ದಾಟಿ, ಬೈಲಕುಪ್ಪೆಯಲ್ಲಿ ಟಿಬೆಟನ್ನರ ಸ್ವರ್ಣಮಂದಿರದ ಮುಂದೆ ಫೋಟೊ ತೆಗೆಸಿಕೊಂಡು, ಆನೆಕಾಡಿನ ನಡುವಿನ ರಸ್ತೆಯಲ್ಲಿ ಏರಿ ಮಡಿಕೇರಿ ಸೇರಿ, ಭಾನುವಾರ ಸಂಜೆ ಮರಳಬೇಕು. ಅಷ್ಟರೊಳಗೆ ಮಂಜು ಇರಬೇಕು, ಸೂರ್ಯೋದಯಕ್ಕೆ ಮಾತ್ರ ಸರಿಯಬೇಕು. ಹೊಳೆಯಲ್ಲಿ ರ್‍ಯಾಫ್ಟಿಂಗಿಗೆ ಸಾಕಾಗುವಷ್ಟು ನೀರಿರಬೇಕು, ದೋಣಿ ನಿಲ್ಲುವಷ್ಟು ಇರಬಾರದು. ನಾಡನ್ನೇ ಕಮಂಡಲಕ್ಕೆ ತುಂಬುವ ಹಟವಿದು.

ಕೊಡವರ ನೆನಪಿನಲ್ಲಿ ಈ ತಡೆಯುವಿಕೆಗೆ ಇನ್ನೊಂದು ರೂಪವಿದೆ. ಹರಿದು ಬರುತ್ತಿದ್ದ ಕಾವೇರಿಯನ್ನು ಬಲಮುರಿಯಲ್ಲಿ ನಾಡಿನ ಜನರೇ ಅಡ್ಡಗಟ್ಟಿ ನಿಂತರಂತೆ. ಪ್ರವಾಹದ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಹೋಯಿತು. ಕೊಡವತಿಯರು ಇಂದಿಗೂ ನೆರಿಗೆಯನ್ನು ಹಿಂದೆ ಸಿಕ್ಕಿಸುವುದು ಅದರ ಗುರುತು ಎಂದು ಹೇಳುತ್ತಾರೆ. ಪ್ರೀತಿಯಿಂದ ತಡೆದವರು ಅವರು. ತಡೆಯಲಾಗಲಿಲ್ಲ, ಸೋತ ಗುರುತನ್ನೇ ಉಡುಗೆಯಾಗಿ ಉಟ್ಟರು, ಅವಳನ್ನೇ ಕುಲದೇವತೆಯಾಗಿ ಪೂಜಿಸಿದರು. ಕೊಡವ ಮದುವೆಯ ಗಂಗಾಪೂಜೆಯನ್ನು ನೋಡಿದವರಿಗೆ ಈ ಕಥೆ ನೆನಪಾಗದಿರದು. ಮದುಮಗಳು ಬಾವಿಯಿಂದ ನೀರು ಸೇದಿ ಕೊಡ ಹೊತ್ತು ಬರುತ್ತಾಳೆ. ವಾಲಗಕ್ಕೆ ಕುಣಿಯುತ್ತಾ ಗಂಡಿನ ಕಡೆಯವರು ಅವಳ ದಾರಿಗೆ ಅಡ್ಡ ನಿಲ್ಲುತ್ತಾರೆ. ಕೆಲವೊಮ್ಮೆ ಗಂಟೆಗಟ್ಟಲೆ. ಕೊನೆಗೆ ದಾರಿ ಬಿಡಲೇಬೇಕು, ಬಿಡುತ್ತಾರೆ. ಹೊಸ ಮನೆಗೆ ಅವಳ ಮೊದಲ ಪ್ರವೇಶ ನೀರಿನ ಜೊತೆಗೆ, ತಡೆದವರನ್ನು ದಾಟಿಕೊಂಡು ಆಗುತ್ತದೆ.

ಗಂಡಹೆಂಡತಿಯ ಕಥೆ ಕೊಡಗಿನಲ್ಲಿ ನೀರಿನ ದಡದಲ್ಲಷ್ಟೇ ಸಿಗುವುದಲ್ಲ. ಜಿಲ್ಲೆಯ ಅತಿ ಎತ್ತರದ ಶಿಖರವಾದ 1,748 ಮೀಟರಿನ ತಡಿಯಂಡಮೋಳ್ ಹತ್ತಲು ಹೋಗುವವರು ಅದರ ಬುಡದ ನಾಲ್ಕುನಾಡು ಅರಮನೆಯನ್ನು ಹಾದು ಹೋಗುತ್ತಾರೆ. 1796ರಲ್ಲಿ ಅಲ್ಲಿ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಮಹಾದೇವಮ್ಮನ ಕೈಹಿಡಿದ. 1807ರಲ್ಲಿ ಆಕೆ ತೀರಿಕೊಂಡಳು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ರಾಜ್ಯ ಕಟ್ಟಿದ ಆ ಗಟ್ಟಿ ಮನುಷ್ಯ ಆ ದುಃಖದಲ್ಲಿ ಬುದ್ಧಿಯ ಹಿಡಿತ ಕಳೆದುಕೊಂಡ; 1809ರಲ್ಲಿ ತಾನೂ ಹೋದ. ಮಡಿಕೇರಿಯ ಗದ್ದಿಗೆಯಲ್ಲಿ ಇಬ್ಬರ ಸಮಾಧಿಯೂ ಒಂದೇ ಗುಮ್ಮಟದಡಿ ಇದೆ. ಚಾರಣಕ್ಕೆ ಬಂದ ದಂಪತಿ ಬೆಳಿಗ್ಗೆ ಮದುವೆಯ ಅರಮನೆಯನ್ನೂ ಸಂಜೆ ಆ ಗುಮ್ಮಟವನ್ನೂ ಒಂದೇ ದಿನದಲ್ಲಿ ನೋಡಿಬಿಡಬಹುದು. ನಡುವೆ ಹದಿಮೂರು ವರ್ಷಗಳಿವೆ.

ನೀರು ಎಲ್ಲರನ್ನೂ ದಡ ಸೇರಿಸುವುದಿಲ್ಲ ಎಂಬುದನ್ನೂ ಹೇಳಬೇಕು, ಅದನ್ನು ಬಿಟ್ಟು ಸಂತೋಷವನ್ನು ಹೊಗಳುವುದು ನ್ಯಾಯವಲ್ಲ. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ಕಥೆಗಾರ್ತಿ ಕೊಡಗಿನ ಗೌರಮ್ಮ ಈಜು, ಟೆನಿಸ್ ಎರಡರಲ್ಲೂ ಉತ್ಸಾಹಿ. ಗಂಡನ ಕೆಲಸ ಕಾಫಿ ತೋಟದಲ್ಲಿ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಹರಿಜನ ನಿಧಿಗೆ ತನ್ನ ಒಡವೆ ಬಿಚ್ಚಿಕೊಟ್ಟ ಹೆಣ್ಣುಮಗಳು. 1939ರ ಏಪ್ರಿಲ್‌ನಲ್ಲಿ, ಇಪ್ಪತ್ತೇಳರ ವಯಸ್ಸಿನಲ್ಲಿ, ಹೊಳೆಯಲ್ಲಿ ಈಜಲು ಇಳಿದಾಗ ಸುಳಿ ಎಳೆದುಕೊಂಡಿತು. ವಿಧವೆಯರ, ಹೊರಗಿಟ್ಟ ಹೆಂಗಸರ ನೋವನ್ನು ಅಷ್ಟು ನೇರವಾಗಿ ಬರೆದವಳ ಕಥೆಗಳು ಪುಸ್ತಕವಾಗಿ ಬಂದದ್ದು ಸಾವಿನ ನಂತರ. ನದಿಯನ್ನು ತಾಯಿ ಎಂದು ನಂಬಿದವರು ಈ ಸಾವನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು? ತಾಯಿ ಮಗಳನ್ನು ಕರೆದುಕೊಂಡಳು ಎಂಬ ಸಮಾಧಾನ ತೀರಾ ಅಗ್ಗದ್ದು. ಸುಳಿಗೆ ದ್ವೇಷವೂ ಗೊತ್ತಿಲ್ಲ, ವಾತ್ಸಲ್ಯವೂ ಗೊತ್ತಿಲ್ಲ. ಹೊಳೆಯನ್ನು ಪೂಜಿಸುವುದೆಂದರೆ ತನ್ನ ಇಷ್ಟಕ್ಕೆ ಬಗ್ಗದ ಒಂದು ಶಕ್ತಿಯ ಮುಂದೆ ಎಚ್ಚರದಿಂದ ನಿಲ್ಲುವುದು. ಪೂಜೆಗೆ ಬೇರೆ ಅರ್ಥ ಹೇಳಿದರೆ ಅದು ಗೌರಮ್ಮನಂಥವರಿಗೆ ಮಾಡುವ ಅನ್ಯಾಯ.

ಆ ಎಚ್ಚರವನ್ನು ಕೊಡಗು ಕಳೆದ ಕೆಲವು ವರ್ಷಗಳಲ್ಲಿ ಕಷ್ಟಪಟ್ಟು ಮತ್ತೆ ಕಲಿತಿದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಗುಡ್ಡಗಳು ಮನೆ, ತೋಟ, ರಸ್ತೆಗಳ ಸಮೇತ ಜಾರಿದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬೆಟ್ಟವೇ ಕುಸಿದು ಅಲ್ಲಿನ ಅರ್ಚಕರ ಮನೆ ಮಣ್ಣಿನಡಿ ಸೇರಿತು. ದಿನವೂ ಕಾವೇರಿಯ ಪೂಜೆ ಮಾಡುತ್ತಿದ್ದವರ ಮನೆ. ಈಗ ಮಳೆ ಜೋರಾದರೆ ಜಿಲ್ಲಾಡಳಿತ ರ್‍ಯಾಫ್ಟಿಂಗ್ ನಿಲ್ಲಿಸುತ್ತದೆ. ಬರಪೊಳೆ ನದಿಯ ಬಂಡೆಗಳ ನಡುವೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಧುಮುಕುವ ನೀರನ್ನೇ ನಂಬಿ ಬಂದವರು ದಡದಿಂದಲೇ ನೋಡಿ ಮರಳಬೇಕಾಗುತ್ತದೆ. ಭಾಗಮಂಡಲದಲ್ಲಿ ಸಂಗಮ ಉಕ್ಕಿ ರಸ್ತೆ ಮುಳುಗುತ್ತಿದ್ದ ವರ್ಷಗಳಲ್ಲಿ ಊರವರು ದೋಣಿ ಹತ್ತಿ ಈ ಬದಿಯಿಂದ ಆ ಬದಿಗೆ ಹೋಗುತ್ತಿದ್ದರು, ಹಾಲು, ಅಕ್ಕಿ, ಔಷಧಕ್ಕಾಗಿ. ದೋಣಿ ಅವರಿಗೆ ವಿಹಾರವಾಗಿರಲಿಲ್ಲ.

ಕಾಯುವುದನ್ನು ಕಲಿಸುವ ಒಂದು ದಿನ ಈ ನದಿಗೆ ಇದೆ. ಸೂರ್ಯ ತುಲಾ ರಾಶಿಗೆ ಕಾಲಿಡುವ ಗಳಿಗೆಯಲ್ಲಿ, ಅಕ್ಟೋಬರ್ 17ರ ಆಸುಪಾಸಿನಲ್ಲಿ, ಕುಂಡಿಕೆಯಲ್ಲಿ ತೀರ್ಥೋದ್ಭವ. ಸೌರವರ್ಷಕ್ಕೆ 365 ದಿನಗಳ ಮೇಲೆ ಆರು ಗಂಟೆಯಷ್ಟು ಹೆಚ್ಚುವರಿ ಇರುವುದರಿಂದ ಆ ಗಳಿಗೆ ವರ್ಷ ವರ್ಷ ಮುಂದೆ ಸರಿಯುತ್ತದೆ. 2022ರಲ್ಲಿ ಸಂಜೆ ಏಳು ದಾಟಿದ ಮೇಲೆ ಬಂತು, 2023ರಲ್ಲಿ ನಡುರಾತ್ರಿ ಕಳೆದು ಒಂದು ಗಂಟೆಯ ಮೇಲೆ, 2024ರಲ್ಲಿ ಬೆಳಿಗ್ಗೆ ಏಳೂವರೆಯ ನಂತರ. ಚಳಿಯಲ್ಲಿ, ಕೆಲವೊಮ್ಮೆ ಮಳೆಯಲ್ಲಿ ಜನ ಮೆಟ್ಟಿಲ ಮೇಲೆ ಕಾಯುತ್ತಾರೆ. ಸಾಂಪ್ರದಾಯಿಕ ಉಡುಗೆ ಕುಪ್ಯಚೇಲೆ ತೊಟ್ಟ ಕೊಡವರು, ಗೌಡ ಕುಟುಂಬಗಳು, ತಮಿಳುನಾಡಿನಿಂದ ಬಂದ ರೈತರು, ಜೊತೆಗೆ ರಜೆಯ ಮೇಲೆ ಬಂದ ದಂಪತಿಗಳು. ಯಾರಿಗೂ ಬೇಗ ದರ್ಶನದ ಏರ್ಪಾಡು ಸಾಧ್ಯವಿಲ್ಲ; ಗಳಿಗೆ ಎಲ್ಲರಿಗೂ ಒಂದೇ. ಆ ತೀರ್ಥವನ್ನು ಮನೆಗೆ ಒಯ್ದು ಕಾಪಿಡುತ್ತಾರೆ, ಕೊನೆಯುಸಿರೆಳೆಯುವವರ ಬಾಯಿಗೆ ಬಿಡಲು. ಮರುದಿನ ಕೊಡವ ಮನೆಗಳಲ್ಲಿ ಸೌತೆಕಾಯಿಗೋ ತೆಂಗಿನಕಾಯಿಗೋ ಕೆಂಪು ಬಟ್ಟೆ ಉಡಿಸಿ, ಒಡವೆ ಹಾಕಿ, ಕಾವೇರಿಯೆಂದು ಕಣಿಪೂಜೆ ಮಾಡುತ್ತಾರೆ.

ಉಳಿದಿರುವುದು ಇಬ್ಬರಲ್ಲಿ ಒಬ್ಬರಿಗೆ ನಂಬಿಕೆಯಿಲ್ಲದಿದ್ದರೆ ಏನು ಎಂಬ ಪ್ರಶ್ನೆ. ಇದು ಅಪರೂಪದ ಸ್ಥಿತಿಯಲ್ಲ. ಭಾಗಮಂಡಲದ ವಾಹನ ನಿಲ್ದಾಣದಲ್ಲಿ ಯಾವ ದಿನ ನೋಡಿದರೂ ಕಾರಿಗೆ ಒರಗಿ ಮೊಬೈಲ್ ನೋಡುತ್ತಾ ನಿಂತ ಒಬ್ಬರು ಇರುತ್ತಾರೆ, ಜೊತೆಗಿದ್ದವರು ಭಗಂಡೇಶ್ವರನ ಗುಡಿಯೊಳಗೆ. ಹೊಳೆಯ ಬದಿಯಲ್ಲಿ ಇದರ ತಿರುವುಮುರುವು: ಒಬ್ಬರು ಲೈಫ್ ಜಾಕೆಟ್ ಬಿಗಿದುಕೊಂಡು ತೆಪ್ಪ ಹತ್ತಿರುತ್ತಾರೆ, ನೀರಿಗೆ ಹೆದರುವ ಇನ್ನೊಬ್ಬರು ಇಬ್ಬರ ಚಪ್ಪಲಿ ಹಿಡಿದು ನಿಂತಿರುತ್ತಾರೆ. ನಂಬದವರು ನಂಬಿದಂತೆ ನಟಿಸಬೇಕಿಲ್ಲ. ಸುಳ್ಳು ಭಕ್ತಿ ದೇವರಿಗೂ ಬೇಡ, ಗಂಡಹೆಂಡತಿಗೂ ಬೇಡ. ಹೆದರುವವರನ್ನು ಎಳೆದು ತೆಪ್ಪಕ್ಕೆ ಹತ್ತಿಸುವುದೂ ತಪ್ಪು. ಕಾವೇರಿ ಕೇಳಿದ್ದು ಅಷ್ಟು ದೊಡ್ಡದನ್ನಲ್ಲ. ನನ್ನಂತೆಯೇ ಆಗು ಎಂದು ಅವಳು ಅಗಸ್ತ್ಯರಿಗೆ ಹೇಳಲಿಲ್ಲ, ನಿಮ್ಮ ಸ್ನಾನ ಬಿಡಿ ಎಂದೂ ಹೇಳಲಿಲ್ಲ. ಅವರು ಅವಳನ್ನು ಕೇಳಿ ಹೋಗಬಹುದಿತ್ತು, ಕರೆದುಕೊಂಡೇ ಹೋಗಬಹುದಿತ್ತು. ಕನ್ನಿಕೆ ಹೊಳೆ ಎಷ್ಟು ಹತ್ತಿರವೆಂದರೆ ಹೊರಟ ಕಾವೇರಿ ಕೊನೆಗೆ ಅದನ್ನೇ ಹೋಗಿ ಕೂಡಿಕೊಂಡಳು. ಗುಡಿಯ ಒಳಗಿರುವವರು ಸಂಗಮದ ಮೆಟ್ಟಿಲಿಗೆ ಇಳಿದು ಬರುವ ಹೊತ್ತಿಗೆ, ದೇವರನ್ನು ಒಪ್ಪದವರು ಕಾರು ಬಿಟ್ಟು ಅಲ್ಲಿಗೆ ನಡೆದು ಬಂದು ಪಕ್ಕದಲ್ಲಿ ಕಾಲು ನೀರಿಗಿಳಿಸಿ ಕೂತರೆ, ಇಬ್ಬರ ಯಾತ್ರೆಯೂ ಅಲ್ಲಿಂದಲೇ ಶುರುವಾಗಬಹುದು, ಫಲ ಎಷ್ಟು ಪಾಲು ಎಂಬ ಲೆಕ್ಕವನ್ನು ಶಾಸ್ತ್ರಕಾರರಿಗೇ ಬಿಟ್ಟು.